ಹಾರ್ಡ್‌ವೇರ್ ಅಂಗಡಿಗೆ ಮಾಹಿತಿ ವ್ಯವಸ್ಥೆ ಕಟ್ಟುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಚಹಾ ಅಂಗಡಿ, ಕಾಂಡಿಮೆಂಟ್ಸ್ ನಡೆಸುವ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಯುಪಿಐ ಮೂಲಕ ಬಂದ ಹಣವನ್ನು ವರ್ಷವಾರು ಕೂಡಿಸಿ, ಜಿಎಸ್‌ಟಿ ನೋಂದಣಿಯ ಮಿತಿಯನ್ನು ಮೀರಿದ್ದೀರಿ ಎಂದು ಇಲಾಖೆ ಹೇಳಿತು. ವ್ಯಾಪಾರಿಗಳು ಕೊಟ್ಟ ಉತ್ತರದಲ್ಲಿ ಹುರುಳಿತ್ತು: ಹಾಲು, ತರಕಾರಿಗೆ ತೆರಿಗೆಯೇ ಇಲ್ಲ, ಖಾತೆಗೆ ಬಂದ ಹಣದಲ್ಲಿ ಕೈಸಾಲವೂ ಇದೆ, ಮನೆಯವರು ಹಾಕಿದ್ದೂ ಇದೆ. ಆದರೆ ಹಾಗೆಂದು ತೋರಿಸುವ ದಾಖಲೆ ಹಲವರ ಬಳಿ ಇರಲಿಲ್ಲ. ಅವರ ವ್ಯಾಪಾರದ ಲೆಕ್ಕ ಬ್ಯಾಂಕಿನಲ್ಲಿತ್ತು, ಪಾವತಿ ಆ್ಯಪ್‌ನ ಕಂಪನಿಯಲ್ಲಿತ್ತು, ಇಲಾಖೆಯ ಕಂಪ್ಯೂಟರಿನಲ್ಲಿತ್ತು. ಅಂಗಡಿಯಲ್ಲಿ ಮಾತ್ರ ಇರಲಿಲ್ಲ.

ನಮ್ಮ ವ್ಯಾಪಾರದ ಮಾಹಿತಿ ಬೇರೆಯವರಿಗಿಂತ ಮೊದಲು ನಮ್ಮ ಕೈಗೆ ಸಿಗಬೇಕು. ಅದೂ ನಿರ್ಧಾರ ತೆಗೆದುಕೊಳ್ಳುವ ಹೊತ್ತಿಗೆ ಸಿಗಬೇಕು, ವರ್ಷ ಕಳೆದು ಆಡಿಟರ್ ಲೆಕ್ಕ ಮುಗಿಸಿದ ಮೇಲಲ್ಲ. ಈ ಬರಹದ ಉದ್ದಕ್ಕೂ ನಾನು ಹೇಳುವುದು ಇದನ್ನೇ. ಉದಾಹರಣೆಗೆ ತಾಲ್ಲೂಕು ಕೇಂದ್ರದ ಒಂದು ಹಾರ್ಡ್‌ವೇರ್ ಅಂಗಡಿಯನ್ನು ತೆಗೆದುಕೊಂಡಿದ್ದೇನೆ. ಸಿಮೆಂಟ್, ಕಬ್ಬಿಣ, ಪೈಪು, ಬಣ್ಣ, ವೈರು, ಮೊಳೆ ಎಲ್ಲವೂ ಅಲ್ಲಿರುತ್ತವೆ. ಉದ್ರಿ ಇರುತ್ತದೆ, ಗೋದಾಮು ಇರುತ್ತದೆ, ಲಾರಿ ಬಂದು ಹೋಗುತ್ತದೆ. ಈ ಅಂಗಡಿಗೆ ಹೊಂದುವ ವ್ಯವಸ್ಥೆ ಸಣ್ಣಪುಟ್ಟ ಬದಲಾವಣೆಯೊಂದಿಗೆ ದಿನಸಿ, ಗೊಬ್ಬರ, ಬಟ್ಟೆ ಅಂಗಡಿಗಳಿಗೂ ಹೊಂದುತ್ತದೆ.

ಮಾಹಿತಿ ವ್ಯವಸ್ಥೆ ಎಂದ ಕೂಡಲೇ ಕಂಪ್ಯೂಟರ್ ಕಣ್ಣಮುಂದೆ ಬರುತ್ತದೆ. ಕಿರ್ದಿ, ಖಾತೆ ಇಟ್ಟುಕೊಂಡು ವ್ಯಾಪಾರ ಮಾಡಿದ ಹಿರಿಯರ ಬಳಿಯೂ ಪಕ್ಕಾ ವ್ಯವಸ್ಥೆ ಇತ್ತು. ದಿನದ ಜಮಾ ಖರ್ಚು ಕಿರ್ದಿಯಲ್ಲಿ, ಯಾರಿಂದ ಎಷ್ಟು ಬರಬೇಕೆಂಬುದು ಖಾತೆಯಲ್ಲಿ, ಯಾವ ಸರಕು ಎಷ್ಟಿದೆ ಎಂಬುದು ಹಳೆಯ ಗುಮಾಸ್ತನ ತಲೆಯಲ್ಲಿ. ಸರಕಿನ ಬಗೆ ನೂರಿನ್ನೂರು ಇದ್ದಷ್ಟು ಕಾಲ ಅದು ನಡೆಯಿತು. ಈಗ ಪೈಪಿನ ತಿರುವಿಗೆ ಹಾಕುವ ಒಂದು ಎಲ್ಬೋವಿನಲ್ಲೇ ಅರ್ಧ ಇಂಚು, ಮುಕ್ಕಾಲು, ಒಂದು ಇಂಚು, ಅದರಲ್ಲಿ ಪಿವಿಸಿ, ಸಿಪಿವಿಸಿ, ಯುಪಿವಿಸಿ ಎಂಬ ಪ್ಲಾಸ್ಟಿಕ್ ಬಗೆಗಳು, ಅದರಲ್ಲಿ ಮತ್ತೆ ನಾಲ್ಕು ಕಂಪನಿ. ಯಾರ ತಲೆಯೂ ಇಷ್ಟನ್ನು ಹಿಡಿಯಲಾರದು. ಗುಮಾಸ್ತ ಒಂದು ವಾರ ರಜೆ ಹೋದರೆ ಅಂಗಡಿಗೆ ಕಣ್ಣು ಕಟ್ಟಿದಂತಾಗುತ್ತದೆ.

ಹಂತ 1: ಸಾಫ್ಟ್‌ವೇರ್ ಬದಿಗಿಡಿ, ಪ್ರಶ್ನೆಗಳನ್ನು ಬರೆಯಿರಿ

ಹೆಚ್ಚಿನವರು ಸಾಫ್ಟ್‌ವೇರ್ ಮಾರುವವನನ್ನು ಕರೆಸುವುದರಿಂದ ಶುರು ಮಾಡುತ್ತಾರೆ. ಅವನು ನೂರು ಬಗೆಯ ವರದಿ ತೋರಿಸುತ್ತಾನೆ, ಮಾಲೀಕರು ತಲೆದೂಗುತ್ತಾರೆ, ಆರು ತಿಂಗಳ ನಂತರ ಆ ಕಂಪ್ಯೂಟರ್ ಬಿಲ್ ಮುದ್ರಿಸುವ ಯಂತ್ರವಾಗಿ ಉಳಿಯುತ್ತದೆ. ಇದನ್ನು ತಪ್ಪಿಸಲು ಒಂದು ಹಾಳೆ ತೆಗೆದುಕೊಂಡು, ನಿಮಗೆ ಉತ್ತರ ತಿಳಿಯದೆ ಹಣ ಕಳೆಯುತ್ತಿರುವ ಪ್ರಶ್ನೆಗಳನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಹೀಗಿರಬಹುದು:

- ಇವತ್ತು ಯಾರ ಬಳಿ ಉದ್ರಿ ಕೇಳಬೇಕು? ಯಾರಿಗೆ ಇನ್ನು ಮುಂದೆ ಉದ್ರಿ ಕೊಡಬಾರದು?
- ಈ ವಾರ ಯಾವ ಸರಕು ಮುಗಿಯಲಿದೆ?
- ವರ್ಷದಿಂದ ಕದಲದ ಸರಕು ಯಾವುದು, ಅದರಲ್ಲಿ ಎಷ್ಟು ಹಣ ಸಿಕ್ಕಿಕೊಂಡಿದೆ?
- ಸಿಮೆಂಟ್‌ನಲ್ಲಿ ನಿಜವಾಗಿ ಲಾಭವಿದೆಯೇ, ಬರೀ ಓಡಾಟವೇ?
- ಗಲ್ಲಾದಲ್ಲಿರುವ ಹಣಕ್ಕೂ ಬಿಲ್‌ಗಳಿಗೂ ತಾಳೆಯಾಗುತ್ತದೆಯೇ?

ಇಷ್ಟು ಸಾಕು. ಇಪ್ಪತ್ತು ಪ್ರಶ್ನೆ ಬರೆದರೆ ಯಾವುದಕ್ಕೂ ಉತ್ತರ ಹುಡುಕುವುದಿಲ್ಲ. ಪ್ರತಿ ಪ್ರಶ್ನೆಯ ಎದುರು ಉತ್ತರ ಯಾರಿಗೆ ಬೇಕು, ಯಾವ ದಿನ ಬೇಕು ಎಂದೂ ಬರೆಯಿರಿ. ಉದ್ರಿಯ ಪಟ್ಟಿ ಶನಿವಾರ ಬೆಳಿಗ್ಗೆ ಬೇಕು, ಏಕೆಂದರೆ ಕಟ್ಟಡ ಕೆಲಸದವರಿಗೆ ಅಂದು ಬಟವಾಡೆ. ಗುತ್ತಿಗೆದಾರನ ಕೈಯಲ್ಲಿ ಹಣ ಓಡಾಡುವ ದಿನ ಅದು. ಅದೇ ಪಟ್ಟಿ ಸೋಮವಾರ ಸಿಕ್ಕರೆ ಅರ್ಧ ಬೆಲೆ ಕಳೆದುಕೊಂಡಿರುತ್ತದೆ.

ಹಂತ 2: ಒಂದು ಮೂಟೆ ಸಿಮೆಂಟ್‌ನ ಹಿಂದೆ ನಡೆಯಿರಿ

ಲಾರಿಯಿಂದ ಇಳಿದ ಮೂಟೆ ಗಿರಾಕಿಯ ಮನೆ ಸೇರಿ ಹಣ ನಿಮ್ಮ ಬ್ಯಾಂಕಿಗೆ ಬರುವವರೆಗೆ ಏನೇನಾಗುತ್ತದೆ ಎಂದು ನೋಡಿ. ಇಳಿಸಿಕೊಂಡಾಗ ಎಣಿಸಿದವರು ಯಾರು? ಹರಿದ ಚೀಲವನ್ನು ಎಲ್ಲಿ ಬರೆದರು? ಮೇಸ್ತ್ರಿ ಫೋನ್ ಮಾಡಿ ಇಪ್ಪತ್ತು ಚೀಲ ಕಳಿಸಿ ಎಂದಾಗ ಅದನ್ನು ಯಾವ ಚೀಟಿಯಲ್ಲಿ ಬರೆದುಕೊಂಡರು? ಆಟೋದವನು ಇಳಿಸಿ ಬಂದ ಮೇಲೆ ಸಹಿ ತಂದನೇ? ಬಿಲ್ ಅದೇ ದಿನ ಆಯಿತೇ, ಕೆಲಸ ಮುಗಿದ ಮೇಲೆ ಒಟ್ಟಿಗೆ ಮಾಡೋಣ ಎಂದು ಬಿಟ್ಟರೇ?

ಈ ನಡಿಗೆಯಲ್ಲಿ ಮಾಹಿತಿ ಬಾಯಿಂದ ಬಾಯಿಗೆ ಹೋಗುವ ಜಾಗಗಳು ಕಾಣುತ್ತವೆ. ಅಂಗಡಿ ಸೋರುವುದು ಅಲ್ಲಿಯೇ. ಸರಕು ಹೊರಗೆ ಹೋಗಿ ಬಿಲ್ ಆಗದೆ ಉಳಿದ ಚೀಟಿಗಳು ಮೇಜಿನ ಮೊಳೆಗೆ ಚುಚ್ಚಿಕೊಂಡೇ ಇರುತ್ತವೆ. ಒಂದು ಬಿದ್ದುಹೋದರೆ ಇಪ್ಪತ್ತು ಚೀಲದ ಹಣ ಹೋಯಿತು. ಅಂಥ ಪ್ರತಿ ಜಾಗಕ್ಕೂ ಒಂದು ನಿಯಮ ಬೇಕು. ಸರಕು ಬಾಗಿಲು ದಾಟುವ ಮೊದಲು ಕ್ರಮಸಂಖ್ಯೆ ಇರುವ ಡೆಲಿವರಿ ಚೀಟಿ ಆಗಬೇಕು, ಚೀಟಿಯ ಎರಡನೆಯ ಪ್ರತಿ ಸಹಿಯೊಂದಿಗೆ ಮರಳಬೇಕು, ಮರಳದ ಚೀಟಿಗಳನ್ನು ಸಂಜೆ ಎಣಿಸಬೇಕು. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಈ ಶಿಸ್ತು ಕಾಗದದಲ್ಲಿ ಬರದಿದ್ದರೆ ಕಂಪ್ಯೂಟರಿನಲ್ಲೂ ಬರುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಆದ್ದರಿಂದ ಮೊದಲ ಒಂದು ತಿಂಗಳು ಈ ಚೀಟಿಯನ್ನೇ ಅಭ್ಯಾಸ ಮಾಡಿಸಿ.

ಹಂತ 3: ಸರಕಿನ ಪಟ್ಟಿ

ಇಡೀ ಕೆಲಸದ ಬುನಾದಿ ಇದು. ಎಲ್ಲರೂ ಅವಸರ ಮಾಡುವುದೂ ಇಲ್ಲಿಯೇ. ಪಟ್ಟಿ ಕೆಟ್ಟರೆ ಮುಂದಿನ ಪ್ರತಿ ವರದಿಯೂ ಕೆಟ್ಟದ್ದೇ.

ಮೊದಲು ಹೆಸರು. ಒಂದೇ ಸರಕನ್ನು ಒಬ್ಬ ‘ಒಂದು ಇಂಚು ಎಲ್ಬೋ’ ಎಂದೂ ಇನ್ನೊಬ್ಬ ‘ಎಲ್ಬೋ 25’ ಎಂದೂ ದಾಖಲಿಸಿದರೆ ಕಂಪ್ಯೂಟರಿಗೆ ಅವೆರಡು ಬೇರೆ ಸರಕು. ಒಂದರಲ್ಲಿ ಖರೀದಿ, ಇನ್ನೊಂದರಲ್ಲಿ ಮಾರಾಟ. ಒಂದರಲ್ಲಿ ದಾಸ್ತಾನು ಬೆಳೆಯುತ್ತಾ ಹೋಗುತ್ತದೆ, ಇನ್ನೊಂದರಲ್ಲಿ ಶೂನ್ಯಕ್ಕಿಂತ ಕೆಳಗಿಳಿಯುತ್ತದೆ. ಹೆಸರಿಡುವ ಕ್ರಮವನ್ನು ಮೊದಲೇ ಗೊತ್ತು ಮಾಡಿ: ಬಗೆ, ವಸ್ತು, ಅಳತೆ, ಕಂಪನಿ. ‘ಎಲ್ಬೋ ಸಿಪಿವಿಸಿ 1 ಇಂಚು’, ಅದರ ಮುಂದೆ ಕಂಪನಿಯ ಹೆಸರು. ಹೊಸ ಹೆಸರು ಸೇರಿಸುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ.

ಎರಡನೆಯದು ಅಳತೆಯ ಮಾನ. ಹಾರ್ಡ್‌ವೇರ್ ವ್ಯಾಪಾರದ ತೊಡಕೆಲ್ಲ ಇದರಲ್ಲಿದೆ. ವೈರನ್ನು 90 ಮೀಟರ್ ಸುರುಳಿಯಲ್ಲಿ ಕೊಂಡು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತೇವೆ. ಮೊಳೆಯನ್ನು ಚೀಲದಲ್ಲಿ ಕೊಂಡು ಕಿಲೋದಲ್ಲಿ ಮಾರುತ್ತೇವೆ. ಕಬ್ಬಿಣದ ಸರಳನ್ನು ಟನ್ ಲೆಕ್ಕದಲ್ಲಿ ತರಿಸಿ ಗಿರಾಕಿಗೆ ಸರಳಿನ ಲೆಕ್ಕದಲ್ಲಿ ಕೊಡುತ್ತೇವೆ. ಸರಳಿನ ತೂಕಕ್ಕೆ ಮೇಸ್ತ್ರಿಗಳೆಲ್ಲ ಬಲ್ಲ ಸೂತ್ರವಿದೆ: ಮಿಲಿಮೀಟರಿನಲ್ಲಿ ಸರಳಿನ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮಿಲಿಮೀಟರ್ ಸರಳಿಗೆ 144ನ್ನು 162ರಿಂದ ಭಾಗಿಸಿದರೆ 0.889, ಹನ್ನೆರಡು ಮೀಟರ್ ಉದ್ದದ ಸರಳು ಸುಮಾರು 10.67 ಕಿಲೋ. ಅಂದರೆ ಒಂದು ಟನ್ನಿಗೆ ಹೆಚ್ಚುಕಡಿಮೆ 94 ಸರಳು. 8 ಮಿಲಿಮೀಟರಿನದಾದರೆ ಒಂದು ಸರಳು ಸುಮಾರು 4.74 ಕಿಲೋ. ಕಾರ್ಖಾನೆಯಿಂದ ಬರುವ ಸರಳಿನ ತೂಕದಲ್ಲಿ ಮಾನಕ ಒಪ್ಪುವಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಹಾಗಾಗಿ ಲಾರಿ ಬಂದಾಗ ತೂಕದ ಚೀಟಿಯನ್ನೂ ಸರಳಿನ ಎಣಿಕೆಯನ್ನೂ ಎರಡನ್ನೂ ದಾಖಲಿಸಿ. ಸೂತ್ರದ ತೂಕಕ್ಕೂ ನಿಜ ತೂಕಕ್ಕೂ ಇರುವ ಅಂತರವನ್ನು ಕಂಪನಿವಾರು ಕೆಲವು ತಿಂಗಳು ನೋಡಿದರೆ, ಯಾರಿಂದ ಕೊಂಡರೆ ಸರಳಿನ ಲೆಕ್ಕದ ಮಾರಾಟದಲ್ಲಿ ಲಾಭ, ಯಾರಿಂದ ಕೊಂಡರೆ ನಷ್ಟ ಎಂಬುದು ತಾನಾಗಿಯೇ ಕಾಣುತ್ತದೆ. ಅನುಭವದಿಂದ ಇದನ್ನು ಊಹಿಸುವವರಿದ್ದಾರೆ. ಅಂಕಿಯಲ್ಲಿ ನೋಡಿದವರು ಖರೀದಿಯ ಮಾತುಕತೆಯಲ್ಲಿ ಗಟ್ಟಿಯಾಗಿ ಕೂರುತ್ತಾರೆ.

ಮೂರನೆಯದು ತೆರಿಗೆಯ ದರ ಮತ್ತು ಸರಕಿನ ಬಗೆಯನ್ನು ತೆರಿಗೆಗಾಗಿ ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆ. ಸಿಮೆಂಟ್‌ಗೆ 2523, ಪ್ಲಾಸ್ಟಿಕ್ ಪೈಪು ಮತ್ತು ಫಿಟ್ಟಿಂಗ್‌ಗೆ 3917, ವೈರಿಗೆ 8544, ಬೀಗಕ್ಕೆ 8301. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಯವರೆಗೆ ಇದ್ದರೆ ಜಿಎಸ್‌ಟಿ ನೋಂದಣಿ ಇರುವ ಗಿರಾಕಿಯ ಬಿಲ್‌ನಲ್ಲಿ ನಾಲ್ಕು ಅಂಕೆ ಸಾಕು, ಮೀರಿದರೆ ಆರು ಅಂಕೆ ಬೇಕು. ದರವನ್ನು ಪ್ರತಿ ಬಿಲ್‌ನಲ್ಲಿ ಕೈಯಿಂದ ಹಾಕುವ ಅಭ್ಯಾಸ ಬೇಡ. ಸರಕಿನ ಪಟ್ಟಿಯಲ್ಲಿ ಜಾರಿಯ ದಿನಾಂಕದೊಂದಿಗೆ ಇರಲಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್‌ನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಪಟ್ಟಿ ಅಚ್ಚುಕಟ್ಟಾಗಿದ್ದ ಅಂಗಡಿಗೆ ಅದು ಐದು ನಿಮಿಷದ ಕೆಲಸ. ಪ್ರತಿ ಕಂಪನಿಯ ಸಿಮೆಂಟನ್ನು ನಾಲ್ಕಾರು ಹೆಸರಿನಲ್ಲಿ ಇಟ್ಟವರಿಗೆ ಹಳೆಯ ದರದ ಬಿಲ್‌ಗಳು ವಾರಗಟ್ಟಲೆ ನುಸುಳುವ ಅಪಾಯ.

ನಾಲ್ಕನೆಯದು ಸರಕು ಇರುವ ಜಾಗ. ಗೋದಾಮಿನ ಕಪಾಟುಗಳಿಗೆ ಸಂಖ್ಯೆ ಹಾಕಿ, ಪಟ್ಟಿಯಲ್ಲಿ ಬರೆಯಿರಿ. ಹೊಸದಾಗಿ ಸೇರಿದ ಹುಡುಗ ಹಳಬರನ್ನು ಕೇಳದೆ ಸರಕು ತಂದುಕೊಟ್ಟ ದಿನ ಇದರ ಬೆಲೆ ತಿಳಿಯುತ್ತದೆ.

ಹಂತ 4: ಗಿರಾಕಿಗಳ ಖಾತೆ, ಮೇಸ್ತ್ರಿಯ ಪ್ರಶ್ನೆ

ಈ ವ್ಯಾಪಾರದಲ್ಲಿ ಸರಕು ಒಯ್ಯುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು. ಮೇಸ್ತ್ರಿ ಅಥವಾ ಪ್ಲಂಬರ್ ಬಂದು ‘ಬಸ್ ನಿಲ್ದಾಣದ ಹಿಂದಿನ ಮನೆಯ ಲೆಕ್ಕಕ್ಕೆ ಹಾಕಿ’ ಎನ್ನುತ್ತಾನೆ. ಖಾತೆ ಮೇಸ್ತ್ರಿಯ ಹೆಸರಿನಲ್ಲಿ ತೆರೆದರೆ ಮನೆಯವರು ‘ನಾವು ಅವನಿಗೆ ಕೊಟ್ಟಾಗಿದೆ’ ಎನ್ನುತ್ತಾರೆ. ಮನೆಯವರ ಹೆಸರಿನಲ್ಲಿ ತೆರೆದರೆ ‘ಇಷ್ಟೊಂದು ಸರಕು ನಮ್ಮ ಮನೆಗೆ ಬಂದೇ ಇಲ್ಲ’ ಎನ್ನುತ್ತಾರೆ. ಇದಕ್ಕೆ ಪರಿಹಾರ ಖಾತೆಯ ರಚನೆಯಲ್ಲೇ ಇದೆ. ಹಣ ಕೊಡುವವರ ಹೆಸರಿನಲ್ಲಿ ಖಾತೆ, ಅದರ ಕೆಳಗೆ ಕೆಲಸ ನಡೆಯುವ ಜಾಗ, ಪ್ರತಿ ಬಿಲ್‌ನಲ್ಲಿ ಸರಕು ಒಯ್ದವನ ಹೆಸರು ಎಂದು ಮೂರನ್ನೂ ಬೇರೆ ಬೇರೆ ದಾಖಲಿಸಿ. ಖಾತೆ ತೆರೆಯುವಾಗಲೇ ಮನೆಯವರ ಮೊಬೈಲ್ ಸಂಖ್ಯೆ ಪಡೆದು, ಪ್ರತಿ ಬಿಲ್ ಆದ ಕೂಡಲೇ ಅವರಿಗೆ ಸಂದೇಶ ಹೋಗುವಂತೆ ಮಾಡಿ. ಆಕ್ಷೇಪ ಇದ್ದರೆ ಅಂದೇ ಬರುತ್ತದೆ, ಗೃಹಪ್ರವೇಶ ಮುಗಿದ ಮೇಲೆ ಬರುವುದಿಲ್ಲ.

ಈ ರಚನೆಯಿಂದ ಇನ್ನೊಂದು ಉಪಯೋಗವಿದೆ. ಯಾವ ಮೇಸ್ತ್ರಿಯ ಮೂಲಕ ಎಷ್ಟು ವ್ಯಾಪಾರ ಬಂತು, ಅವನು ಕರೆತಂದವರಲ್ಲಿ ಯಾರು ಸಮಯಕ್ಕೆ ಹಣ ಕೊಟ್ಟರು ಎಂಬುದೂ ತಿಳಿಯುತ್ತದೆ. ಹೆಚ್ಚು ಸರಕು ಎತ್ತುವ ಮೇಸ್ತ್ರಿಗಿಂತ ಹಣ ಬರುವ ಗಿರಾಕಿಯನ್ನು ಕರೆತರುವ ಮೇಸ್ತ್ರಿ ದೊಡ್ಡವನು. ಆ ಭೇದ ಗಲ್ಲಾದ ಮುಂದೆ ಕುಳಿತಾಗ ಕಾಣುವುದಿಲ್ಲ.

ನೋಂದಾಯಿತ ಗಿರಾಕಿಯಾದರೆ ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಪರಿಶೀಲಿಸಿಯೇ ದಾಖಲಿಸಿ. ಮೊದಲ ಎರಡು ಅಂಕೆ ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್.

ಹಂತ 5: ಸಾಫ್ಟ್‌ವೇರ್ ಆಯ್ಕೆ

ಈಗ ಸಾಫ್ಟ್‌ವೇರ್ ಕೊಳ್ಳಬಹುದು. 1986ರಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ನೆಲೆ ನಿಂತ ಟ್ಯಾಲಿಯನ್ನು ಬಲ್ಲ ಲೆಕ್ಕಿಗರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ, ಆಡಿಟರ್ ಕೂಡ ಅದನ್ನೇ ಕೇಳುತ್ತಾರೆ. ಅದರ ದೊಡ್ಡ ಬಲ ಇದೇ. ಬಿಜಿ, ಮಾರ್ಗ್, ವ್ಯಾಪಾರ್, ಜೋಹೋ ಬುಕ್ಸ್ ಕೂಡ ಬಳಕೆಯಲ್ಲಿವೆ. ಹೆಸರಿಗಿಂತ ಮುಖ್ಯವಾದದ್ದು ನಿಮ್ಮ ಐದು ಪ್ರಶ್ನೆಗಳು. ಮಾರುವವನು ತನ್ನ ಮಾದರಿ ಅಂಕಿಗಳನ್ನು ತೋರಿಸಲು ಬಿಡಬೇಡಿ. ನಿಮ್ಮ ಅಂಗಡಿಯ ಒಂದು ದಿನದ ನಿಜವಾದ ಚೀಟಿಗಳನ್ನು ಕೊಟ್ಟು, ಟನ್ನಿನಲ್ಲಿ ಕೊಂಡ ಕಬ್ಬಿಣವನ್ನು ಸರಳಿನಲ್ಲಿ ಮಾರಿ ತೋರಿಸು ಎನ್ನಿ, ಒಂದು ಮನೆಯ ಕೆಲಸಕ್ಕೆ ಹೋದ ಸರಕನ್ನೆಲ್ಲ ಬೇರ್ಪಡಿಸಿ ತೋರಿಸು ಎನ್ನಿ, ನಿನ್ನೆಯ ಬಿಲ್ ತಿದ್ದಿದರೆ ತಿದ್ದಿದವರ ಹೆಸರು ಉಳಿಯುತ್ತದೆಯೇ ಎಂದು ಕೇಳಿ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಇಂಥ ತಿದ್ದುಪಡಿ ದಾಖಲೆ ಕಡ್ಡಾಯ. ಒಬ್ಬರೇ ಮಾಲೀಕರಿರುವ ಅಂಗಡಿಗೆ ಕಡ್ಡಾಯವಿಲ್ಲದಿದ್ದರೂ ಆ ಸೌಲಭ್ಯವಿರುವುದನ್ನೇ ಕೊಳ್ಳಿ.

ನಾಳೆ ಬೇರೆ ಸಾಫ್ಟ್‌ವೇರಿಗೆ ಹೋಗಬೇಕೆಂದರೆ ನಿಮ್ಮ ಮಾಹಿತಿಯನ್ನು ಎಕ್ಸೆಲ್ ಕಡತವಾಗಿ ಪೂರ್ತಿ ಹೊರತೆಗೆಯಲು ಬರಬೇಕು. ಇದಕ್ಕೆ ಹಿಂಜರಿದವರಿಂದ ಕೊಳ್ಳಬೇಡಿ.

ಹಂತ 6: ಎಣಿಕೆ ಮತ್ತು ಆರಂಭದ ದಿನ

ಆಡಿಟರ್ ಏಪ್ರಿಲ್ 1ರಿಂದ ಶುರು ಮಾಡಿ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ದೀಪಾವಳಿಗೆ ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡುವವರು ಆ ದಿನವೇ ಒಳ್ಳೆಯದು ಎನ್ನುತ್ತಾರೆ. ನನ್ನ ಸಲಹೆ ಆಷಾಢ. ಮಳೆಗೆ ಕಟ್ಟಡ ಕೆಲಸ ಇಳಿದಿರುತ್ತದೆ, ಗೃಹಪ್ರವೇಶಗಳಿರುವುದಿಲ್ಲ, ಗೋದಾಮಿನಲ್ಲಿ ಸರಕೂ ಕಡಿಮೆ. ಎಣಿಸಲು ಕೈ ಬಿಡುವಾಗಿರುವ ಕಾಲ ಅದೊಂದೇ. ಏಪ್ರಿಲ್‌ನಿಂದ ಈಚಿನ ಖರೀದಿ, ಮಾರಾಟದ ಬಿಲ್‌ಗಳನ್ನು ಆಮೇಲೆ ನಿಧಾನವಾಗಿ ದಾಖಲಿಸಿಕೊಂಡರೆ ಆಡಿಟರಿಗೂ ತೊಂದರೆಯಿಲ್ಲ.

ಇಬ್ಬಿಬ್ಬರ ಜೋಡಿ ಮಾಡಿ: ಒಬ್ಬರು ಎಣಿಸಲಿ, ಒಬ್ಬರು ಬರೆಯಲಿ. ಎಣಿಸಿದ ಕಪಾಟಿಗೆ ಚೀಟಿ ಅಂಟಿಸಿ. ಪಟ್ಟಿಯಲ್ಲಿರುವ ಹಳೆಯ ಅಂಕಿಯನ್ನು ಎಣಿಸುವವರಿಗೆ ತೋರಿಸಬೇಡಿ. ತೋರಿಸಿದರೆ ಎಣಿಕೆ ಆ ಅಂಕಿಯ ಕಡೆಗೇ ವಾಲುತ್ತದೆ. ಎಲ್ಲ ಮೊಳೆ, ಸ್ಕ್ರೂಗಳನ್ನು ಎಣಿಸುವ ಹಟ ಬೇಡ. ಬೆಲೆ ಬಾಳುವ ಕಬ್ಬಿಣ, ಸಿಮೆಂಟ್, ವೈರು, ಬಣ್ಣ, ಪೈಪು, ನಲ್ಲಿಗಳನ್ನು ಪಕ್ಕಾ ಎಣಿಸಿ, ಉಳಿದದ್ದನ್ನು ತೂಗಿ ಅಂದಾಜು ಮಾಡಿ.

ಹಂತ 7: ದಿನದ ಶಿಸ್ತು

ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಯಬೇಕಾದದ್ದು ಇಷ್ಟೇ. ಲಾರಿ ಇಳಿದ ದಿನವೇ ಖರೀದಿ ಬಿಲ್ ದಾಖಲಾಗಬೇಕು. ಮಾರಾಟದ ಬಿಲ್ ಸರಕು ಹೊರಡುವ ಮೊದಲೇ ಆಗಬೇಕು. ಡೆಲಿವರಿ ಚೀಟಿಯಲ್ಲಿ ಹೋದದ್ದು ಅಂದು ಸಂಜೆಯೊಳಗೆ ಬಿಲ್ ಆಗಬೇಕು. ಗಿರಾಕಿ ಮರಳಿಸಿದ ಸರಕಿಗೆ ವಾಪಸಾತಿ ಚೀಟಿ ಆಗಬೇಕು. ಉಳಿದ ನಾಲ್ಕು ಪೈಪನ್ನು ಸುಮ್ಮನೆ ಕಪಾಟಿಗೆ ಸೇರಿಸಿಬಿಡುವುದು ಎಲ್ಲ ಅಂಗಡಿಗಳಲ್ಲೂ ಕಾಣುವ ದುರಭ್ಯಾಸ.

ಸಂಜೆ ಗಲ್ಲಾ ಎಣಿಸಿ, ಬೆಳಗಿನ ರೋಕಡ, ದಿನದ ನಗದು ಮಾರಾಟ, ನಗದಾಗಿ ಬಂದ ಉದ್ರಿ, ಹಮಾಲಿ ಮತ್ತು ಚಹಾದ ಖರ್ಚು ಎಲ್ಲವನ್ನೂ ಹಿಡಿದು ತಾಳೆ ನೋಡಿ. ಹತ್ತು ರೂಪಾಯಿ ಹೆಚ್ಚುಕಡಿಮೆ ಬಂದರೆ ಹಾಗೆಯೇ ಬರೆಯಿರಿ, ಸರಿದೂಗಿಸಬೇಡಿ. ವ್ಯತ್ಯಾಸಗಳ ಪಟ್ಟಿಯೇ ಒಂದು ತಿಂಗಳಲ್ಲಿ ಮಾತನಾಡತೊಡಗುತ್ತದೆ: ಯಾವ ವಾರ, ಯಾರು ಗಲ್ಲಾದಲ್ಲಿದ್ದಾಗ, ಯಾವ ಹೊತ್ತಿನಲ್ಲಿ ಎಂದು.

ಯುಪಿಐ ವಿಷಯದಲ್ಲಿ ಎರಡು ಮಾತು. ಅಂಗಡಿಯ ಹಣ ಅಂಗಡಿಯ ಖಾತೆಗೆ ಮಾತ್ರ ಬರಬೇಕು. ಮಗನ ಫೋನಿಗೆ, ಮಾಲೀಕರ ಉಳಿತಾಯ ಖಾತೆಗೆ ಹಾಕಿಸಿಕೊಳ್ಳುವುದು ಇವತ್ತೇ ನಿಲ್ಲಲಿ. ಆರಂಭದಲ್ಲಿ ಹೇಳಿದ ನೋಟಿಸ್‌ಗಳಿಗೆ ಉತ್ತರಿಸುವುದು ಕಷ್ಟವಾದದ್ದಕ್ಕೆ ಮನೆಯ ಹಣವೂ ವ್ಯಾಪಾರದ ಹಣವೂ ಒಂದೇ ಖಾತೆಯಲ್ಲಿ ಬೆರೆತದ್ದು ಒಂದು ಕಾರಣ. ಇನ್ನೊಂದು, ಗಿರಾಕಿ ತೋರಿಸುವ ಪರದೆಯನ್ನು ನಂಬಿ ಸರಕು ಕೊಡಬೇಡಿ. ಹಣ ಬಂದದ್ದನ್ನು ಹೇಳುವ ನಿಮ್ಮ ಸೌಂಡ್‌ಬಾಕ್ಸ್ ನುಡಿಯಬೇಕು ಅಥವಾ ನಿಮ್ಮ ಆ್ಯಪ್‌ನಲ್ಲಿ ಜಮಾ ಕಾಣಬೇಕು. ಬಿಲ್‌ನಲ್ಲಿ ಪಾವತಿ ಸಂಖ್ಯೆಯ ಕೊನೆಯ ನಾಲ್ಕು ಅಂಕೆ ಬರೆದಿಟ್ಟರೆ ಬ್ಯಾಂಕ್ ಲೆಕ್ಕದೊಂದಿಗೆ ತಾಳೆ ಸುಲಭ. ನಗದಾದರೆ ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಹೆಚ್ಚು ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದೆ. ಮನೆ ಕಟ್ಟುವವರು ಹಳೆಯ ಬಾಕಿಯನ್ನೆಲ್ಲ ಕಟ್ಟು ನೋಟಿನಲ್ಲಿ ತಂದಾಗ ಇದು ನೆನಪಿರಲಿ.

ಹಂತ 8: ಉದ್ರಿ

ಹಾರ್ಡ್‌ವೇರ್ ಅಂಗಡಿ ಮುಳುಗುವುದು ಮಾರಾಟವಿಲ್ಲದೆ ಅಲ್ಲ, ವಸೂಲಿಯಿಲ್ಲದೆ. ಲೆಕ್ಕ ನೋಡಿ. ಒಂದು ಚೀಲ ಸಿಮೆಂಟನ್ನು 350 ರೂಪಾಯಿಗೆ ಕೊಂಡು 360ಕ್ಕೆ ಮಾರಿದಿರಿ ಎಂದಿಟ್ಟುಕೊಳ್ಳೋಣ. ಬ್ಯಾಂಕಿನ ಓವರ್‌ಡ್ರಾಫ್ಟ್‌ಗೆ ವರ್ಷಕ್ಕೆ ಶೇ 12 ಬಡ್ಡಿ. ಗಿರಾಕಿ ಮೂರು ತಿಂಗಳು ಬಿಟ್ಟು ಹಣ ಕೊಟ್ಟರೆ 350 ರೂಪಾಯಿಗೆ ಬಡ್ಡಿ 10 ರೂಪಾಯಿ 50 ಪೈಸೆ. ಲಾಭ 10 ರೂಪಾಯಿ. ಹಮಾಲಿ, ಬಾಡಿಗೆ, ಕರೆಂಟ್ ಲೆಕ್ಕಕ್ಕೆ ಬರುವ ಮೊದಲೇ ಆ ಚೀಲ ನಷ್ಟಕ್ಕೆ ಹೋಗಿದೆ. ಮಾರಾಟದ ವರದಿಯಲ್ಲಿ ಮಾತ್ರ ಅದು 360 ರೂಪಾಯಿಯ ವ್ಯಾಪಾರವಾಗಿ ಮೆರೆಯುತ್ತಿರುತ್ತದೆ. ಸಿಮೆಂಟ್, ಕಬ್ಬಿಣದಂಥ ತೆಳು ಲಾಭದ ಸರಕಿಗೆ ಒಂದು ಅವಧಿ, ಫಿಟ್ಟಿಂಗ್, ನಲ್ಲಿ, ಬಣ್ಣಕ್ಕೆ ಇನ್ನೊಂದು ಅವಧಿ ಎಂದು ಉದ್ರಿಯ ಗಡುವನ್ನೇ ಬೇರೆ ಮಾಡಬೇಕೆಂದು ಇದರಿಂದ ತಿಳಿಯುತ್ತದೆ. ಇಂಥ ಒಂದು ತೀರ್ಮಾನಕ್ಕಾಗಿಯೇ ಇಷ್ಟೆಲ್ಲ ಶ್ರಮ.

ವ್ಯವಸ್ಥೆಯಿಂದ ಬಾಕಿಯನ್ನು ವಯಸ್ಸಿನ ಪ್ರಕಾರ ತೆಗೆಯಿರಿ: 30 ದಿನದೊಳಗಿನದು, 30ರಿಂದ 60, 60ರಿಂದ 90, ಅದಕ್ಕೂ ಮೀರಿದ್ದು. ಇದು ಸರಿಯಾಗಿ ಬರಬೇಕಾದರೆ ಗಿರಾಕಿ ಹಣ ಕೊಟ್ಟಾಗ ಯಾವ ಬಿಲ್‌ಗೆ ಎಂದು ಜೋಡಿಸಿ ದಾಖಲಿಸಬೇಕು. ಸುಮ್ಮನೆ ‘ಜಮಾ 20,000’ ಎಂದು ಬರೆದರೆ ಒಟ್ಟು ಬಾಕಿ ತಿಳಿಯುತ್ತದೆ, ಹಳೆಯದೆಷ್ಟು ಎಂಬುದು ತಿಳಿಯುವುದಿಲ್ಲ. ಪ್ರತಿ ಗಿರಾಕಿಗೂ ಉದ್ರಿಯ ಮಿತಿ ಹಾಕಿ, ಮಿತಿ ಮೀರಿದ ಬಿಲ್‌ಗೆ ಮಾಲೀಕರ ಒಪ್ಪಿಗೆ ಬೇಕೆಂದು ಸಾಫ್ಟ್‌ವೇರಿನಲ್ಲೇ ತಡೆ ಹಾಕಿ. ಗುಮಾಸ್ತನಿಗೂ ಇದರಿಂದ ಅನುಕೂಲ. ಪರಿಚಯದವರಿಗೆ ‘ಇಲ್ಲ’ ಎನ್ನುವ ಸಂಕಟ ಅವನದಲ್ಲ, ಕಂಪ್ಯೂಟರಿನದು.

ಕಾನೂನಿನ ಮಾತೂ ತಿಳಿದಿರಲಿ. ಮಾರಿದ ಸರಕಿನ ಹಣಕ್ಕೆ ದಾವೆ ಹೂಡಲು ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ಆ ಅವಧಿ ಮುಗಿಯುವ ಮೊದಲು ಗಿರಾಕಿ ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಹಾಕಿದರೆ ಅಂದಿನಿಂದ ಹೊಸದಾಗಿ ಅವಧಿ ಶುರು. ಲೆಕ್ಕದ ಪುಸ್ತಕದ ನಮೂದನ್ನು ನ್ಯಾಯಾಲಯ ಪರಿಗಣಿಸುತ್ತದೆ, ಆದರೆ ಅದೊಂದನ್ನೇ ನಂಬಿ ಯಾರ ಮೇಲೂ ಹೊಣೆ ಹೊರಿಸುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ, ಮಾರ್ಚ್ ಕೊನೆಗೆ, ದೊಡ್ಡ ಬಾಕಿದಾರರಿಗೆಲ್ಲ ಬಾಕಿಯ ಪಟ್ಟಿ ಕೊಟ್ಟು ‘ಸರಿಯಿದೆ’ ಎಂದು ಸಹಿ ಪಡೆಯಿರಿ. ಸಹಿ ಇರುವ ಡೆಲಿವರಿ ಚೀಟಿಗಳನ್ನು ಎಸೆಯಬೇಡಿ.

ಹಂತ 9: ಜಿಎಸ್‌ಟಿಯನ್ನು ಇದೇ ಹರಿವಿನಲ್ಲಿ ಸೇರಿಸಿ

ತೆರಿಗೆಗೆಂದೇ ಬೇರೆ ಲೆಕ್ಕ ಇಡುವವರು ಎರಡು ಪಟ್ಟು ದುಡಿಯುತ್ತಾರೆ. ಮೇಲಿನ ಹಂತಗಳು ಸರಿಯಿದ್ದರೆ ಇಲಾಖೆಗೆ ಸಲ್ಲಿಸುವ ಲೆಕ್ಕಪತ್ರ, ಅಂದರೆ ರಿಟರ್ನ್, ತಾನಾಗಿ ಬರುತ್ತದೆ. ಪ್ರತಿ ತಿಂಗಳು ಸಲ್ಲಿಸುವವರಿಗೆ ಮಾರಾಟದ ವಿವರ ಮುಂದಿನ ತಿಂಗಳ 11ರೊಳಗೆ, ತೆರಿಗೆ ಪಾವತಿಯ ರಿಟರ್ನ್ 20ರೊಳಗೆ. ವಹಿವಾಟು 5 ಕೋಟಿಯೊಳಗಿದ್ದು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಯೋಜನೆಯಲ್ಲಿದ್ದರೆ ಕರ್ನಾಟಕದವರಿಗೆ ಈ ದಿನಗಳು ತ್ರೈಮಾಸಿಕದ ನಂತರದ 13 ಮತ್ತು 22. ತೆರಿಗೆಯನ್ನು ಮಾತ್ರ ಮೊದಲೆರಡು ತಿಂಗಳೂ ಕಟ್ಟುತ್ತಿರಬೇಕು.

ಮಾಲೀಕರೇ ನೋಡಬೇಕಾದದ್ದು ತಿಂಗಳ 14ರ ಹೊತ್ತಿಗೆ ಜಾಲತಾಣದಲ್ಲಿ ಬರುವ 2ಬಿ ಪಟ್ಟಿ. ನಿಮಗೆ ಸರಕು ಕೊಟ್ಟವರು ತಮ್ಮ ಬಿಲ್ ಅನ್ನು ಸಲ್ಲಿಸಿದ್ದರೆ ಮಾತ್ರ ಅದು ಅಲ್ಲಿ ಕಾಣುತ್ತದೆ, ಕಂಡರೆ ಮಾತ್ರ ಖರೀದಿಯಲ್ಲಿ ನೀವು ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಿಂದ ಕಡಿತ ಮಾಡಿಕೊಳ್ಳಬಹುದು. ನಿಮ್ಮ ಖರೀದಿ ಪುಸ್ತಕವನ್ನು ಅದರೊಂದಿಗೆ ತಾಳೆ ಹಾಕಿ, ಕಾಣದ ಬಿಲ್‌ಗಳ ಪಟ್ಟಿ ಹಿಡಿದು ಫೋನ್ ಮಾಡಿ. ಪದೇ ಪದೇ ತಪ್ಪಿಸುವ ಸರಬರಾಜುದಾರ ಎಷ್ಟು ಅಗ್ಗಕ್ಕೆ ಕೊಟ್ಟರೂ ದುಬಾರಿಯೇ. ಸರಬರಾಜುದಾರನಿಗೆ ಬಿಲ್ ದಿನಾಂಕದಿಂದ 180 ದಿನದೊಳಗೆ ಹಣ ಕೊಡದಿದ್ದರೆ ಹಾಗೆ ಕಡಿತ ಮಾಡಿಕೊಂಡ ತೆರಿಗೆಯನ್ನು ಮರಳಿ ಕಟ್ಟಬೇಕಾಗುತ್ತದೆ. ಇದರ ಎಚ್ಚರಿಕೆಯೂ ವ್ಯವಸ್ಥೆಯಿಂದಲೇ ಬರುವಂತೆ ಇಡಿ. 50,000 ರೂಪಾಯಿ ಮೀರಿದ ಸರಕು ಸಾಗಣೆಗೆ ಇ-ವೇ ಬಿಲ್ ಎಂಬ ಆನ್‌ಲೈನ್ ಸಾಗಣೆ ಚೀಟಿ ಬೇಕು. ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು.

ಹಂತ 10: ತರಿಸುವುದು, ಕರಗಿಸುವುದು

ಬಿಲ್‌ಗಳು ಮೂರು ನಾಲ್ಕು ತಿಂಗಳು ಶುದ್ಧವಾಗಿ ದಾಖಲಾದ ಮೇಲೆ ಮಾತ್ರ ಈ ಹಂತಕ್ಕೆ ಬನ್ನಿ. ಪ್ರತಿ ಮುಖ್ಯ ಸರಕಿಗೂ ತರಿಸುವ ಮಟ್ಟ ಹಾಕಿ: ದಿನದ ಸರಾಸರಿ ಮಾರಾಟವನ್ನು ಸರಕು ಬರಲು ಹಿಡಿಯುವ ದಿನಗಳಿಂದ ಗುಣಿಸಿ, ಸ್ವಲ್ಪ ಭದ್ರತೆ ಸೇರಿಸಿ. ಒಂದು ಎಲ್ಬೋ ದಿನಕ್ಕೆ 12 ಹೋಗುತ್ತದೆ, ಬರಲು 7 ದಿನ, ಮೂರು ದಿನದ ಭದ್ರತೆ ಎಂದರೆ 84ಕ್ಕೆ 36 ಸೇರಿಸಿ 120. ದಾಸ್ತಾನು 120ಕ್ಕೆ ಇಳಿದಾಗ ಆರ್ಡರ್ ಹೋಗಬೇಕು. ಮಳೆಗಾಲಕ್ಕೂ ಬೇಸಿಗೆಗೂ ಬೇರೆ ಬೇರೆ ಸರಾಸರಿ ಹಿಡಿಯಿರಿ.

ಸಿಮೆಂಟ್‌ಗೆ ಮಾತ್ರ ಪ್ರತ್ಯೇಕ ಎಚ್ಚರ ಬೇಕು. ಅದು ದಿನ ಕಳೆದಂತೆ ಬಲ ಕಳೆದುಕೊಳ್ಳುತ್ತದೆ. ಮೂರು ತಿಂಗಳು ಮೀರಿದ್ದನ್ನು ಪರೀಕ್ಷಿಸದೆ ಬಳಸಬಾರದು ಎನ್ನುವುದು ಕಟ್ಟಡ ಕೆಲಸದ ನಿಯಮ. ಚೀಲದ ಮೇಲೆ ತುಂಬಿದ ವಾರ, ವರ್ಷ ಅಚ್ಚಾಗಿರುತ್ತದೆ. ಅದನ್ನು ಖರೀದಿಯ ಹೊತ್ತಿನಲ್ಲಿ ದಾಖಲಿಸಿ, ಮೊದಲು ಬಂದದ್ದು ಮೊದಲು ಹೋಗುವಂತೆ ಅಟ್ಟಿ ಜೋಡಿಸಿ. ಕಳಪೆ ಸಿಮೆಂಟ್ ಕೊಟ್ಟ ಅಂಗಡಿ ಎಂಬ ಹೆಸರು ಬಂದರೆ ಅದನ್ನು ಅಳಿಸುವ ಸಾಫ್ಟ್‌ವೇರ್ ಇಲ್ಲ.

ಆರು ತಿಂಗಳಿಂದ ಕದಲದ ಸರಕಿನ ಪಟ್ಟಿ ತೆಗೆದು, ಪ್ರತಿ ಸಾಲಿನ ಎದುರು ಒಂದು ತೀರ್ಮಾನ ಬರೆಯಿರಿ: ಕಂಪನಿಗೆ ಮರಳಿಸುವುದು, ರಿಯಾಯಿತಿಯಲ್ಲಿ ಮಾರುವುದು, ಇನ್ನು ತರಿಸದಿರುವುದು. ಬಣ್ಣದ ಹಳೆಯ ಡಬ್ಬಿಗಳು, ಮಾದರಿ ಬದಲಾದ ನಲ್ಲಿಗಳು ಇಲ್ಲಿ ಸಾಲುಗಟ್ಟಿ ನಿಲ್ಲುತ್ತವೆ.

ಹಂತ 11: ಜನ, ಅಧಿಕಾರ, ಭದ್ರತೆ

ಈ ಎಲ್ಲವನ್ನೂ ನಡೆಸುವವರು ಅಂಗಡಿಯ ಹುಡುಗರು. ಅವರನ್ನು ಕೂರಿಸಿಕೊಂಡು ಏಕೆ ಮಾಡುತ್ತಿದ್ದೇವೆ ಎಂದು ಹೇಳದಿದ್ದರೆ, ತಮ್ಮ ಮೇಲಿನ ಅನುಮಾನಕ್ಕೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಹಳೆಯ ಗುಮಾಸ್ತನಿಗೆ ಪಟ್ಟಿಯ ಹೊಣೆ ಕೊಡಿ. ಅವರ ತಲೆಯಲ್ಲಿರುವ ತಿಳಿವಳಿಕೆಯೇ ವ್ಯವಸ್ಥೆಯೊಳಕ್ಕೆ ಬರಬೇಕಾದದ್ದು. ಅದನ್ನು ಗೌರವದಿಂದ ಕೇಳಿ ಪಡೆಯಬೇಕು.

ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್ ಇರಲಿ. ಬಿಲ್ ಮಾಡುವವರಿಗೆ ಬಿಲ್ ಅಳಿಸುವ ಅಧಿಕಾರ ಬೇಡ, ರದ್ದು ಮಾಡಿದರೆ ಕಾರಣ ಬರೆಯಲಿ. ನಗದು ಹಿಡಿಯುವವರೂ ಅದರ ಲೆಕ್ಕ ತಾಳೆ ನೋಡುವವರೂ ಒಬ್ಬರೇ ಆಗುವುದು ಬೇಡ. ಕೆಲಸ ಬಿಟ್ಟವರ ಪ್ರವೇಶವನ್ನು ಅಂದೇ ಮುಚ್ಚಿ. ಗಿರಾಕಿಗಳ ಮೊಬೈಲ್ ಸಂಖ್ಯೆಗಳ ಪಟ್ಟಿಯನ್ನು ಯಾರಿಗೂ ಹಂಚಬೇಡಿ. ಅವರು ಅದನ್ನು ನಿಮ್ಮನ್ನು ನಂಬಿ ಕೊಟ್ಟಿದ್ದಾರೆ.

ಕರೆಂಟ್ ಹೋದಾಗ ಕಂಪ್ಯೂಟರ್ ದಿಢೀರನೆ ಆರದಂತೆ ಯುಪಿಎಸ್ ಬೇಕು. ಇಡೀ ದಿನ ಕರೆಂಟ್ ಇಲ್ಲದಿದ್ದರೆ ಬಳಸಲು ಕ್ರಮಸಂಖ್ಯೆ ಇರುವ ಬಿಲ್ ಪುಸ್ತಕವೊಂದು ಯಾವಾಗಲೂ ಡ್ರಾಯರಿನಲ್ಲಿರಲಿ. ಬ್ಯಾಕಪ್ ಪ್ರತಿ ಸಂಜೆ: ಒಂದು ಪ್ರತಿ ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಅಂಗಡಿಯಿಂದಾಚೆ, ಮನೆಯಲ್ಲೋ ಕ್ಲೌಡ್‌ನಲ್ಲೋ. ಪೆನ್‌ಡ್ರೈವ್ ಅನ್ನು ಕಂಪ್ಯೂಟರಿಗೆ ಚುಚ್ಚಿಯೇ ಬಿಡಬೇಡಿ, ವೈರಸ್ ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ ಅನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಹಿಂದಿನ ದಿನದ ಕೊನೆಯ ಬಿಲ್ ಅದರಲ್ಲಿದೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ ಕಾರಣ ಹುಡುಕಿ ಅದೇ ದಿನ ಸರಿಪಡಿಸಿ.